ಬಾಣಂತಿ ಕೋಣೆಯ ಹೇಂಟೆ

ಪಶುವೈದ್ಯನಾಗಿ ಭಟ್ಕಳದಿಂದ ಹೊನ್ನಾವರಕ್ಕೆ ವರ್ಗವಾಗಿ ಬಂದು ಎರಡನೇ ವರ್ಷ. ಕರ್ಕಿಯ ಆಚೆ ಒಂದು ಕೇರಿಯಲ್ಲಿ ಕೋಳಿಗಳು ಒಂದರ ಹಿಂದೊಂದು ಸತ್ತವು. ಪ್ರಯೋಗಾಲಯದ ವರದಿ ಬಂತು: ಹಕ್ಕಿಜ್ವರ. ಮರುದಿನವೇ ಕಲ್ಲಿಂಗ್. ಅಂದರೆ ಸುತ್ತಲಿನ ಕೋಳಿಗಳನ್ನೆಲ್ಲ, ಗಟ್ಟಿಮುಟ್ಟಾಗಿರುವವನ್ನೂ, ಕೊಂದು ಸುಣ್ಣ ಸುರಿದು ಹೂಳುವುದು.

ಪಿಪಿಇ ಕಿಟ್ ತೊಟ್ಟು ಮನೆ ಮನೆಗೆ ಹೋಗಿ ಕತ್ತು ಮುರಿದೆವು. ಹೆಂಗಸರು ಹಿಡಿಶಾಪ ಹಾಕಿದರು. ಕೇರಿಯ ಕೊನೆಯ ಮನೆಯ ನಾಗಮ್ಮ ಮಾತ್ರ ಬೈಯಲಿಲ್ಲ, ತಾವೇ ಕೋಳಿ ಹಿಡಿದು ಕೊಟ್ಟರು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಹೊರಡುವಾಗ ಒಳಗಿನಿಂದ ‘ಕೊಕ್’ ಎಂದಿತು.

“ಒಳಗೆ ಎಂತ ಅಮ್ಮಾ ಅದು?”

“ಬಾಳಂತಿ ಕೋಣೆ ಡಾಕ್ಟ್ರೇ. ಮಗ್ಳು ಹೆತ್ತು ಎಂಟು ದಿನ. ಗಂಡಸ್ರು ಹೋಗೂಕಾಗ.”

ನನಗೆ ಅರ್ಥವಾಯಿತು. ಬಾಣಂತಿಗೆ ಊರಕೋಳಿಯ ಸಾರು ಉಣಿಸುವುದು ಅವರ ಪದ್ಧತಿ. ಅದಕ್ಕೆಂದೇ ಒಂದು ಹೇಂಟೆಯನ್ನು ಬಚ್ಚಿಟ್ಟಿದ್ದರು. ಬೆಳಗಿನಿಂದ ಕೊಂದು ಕೊಂದು ನನಗೂ ಸಾಕಾಗಿ ಹೋಗಿತ್ತು. ಒಂದು ತಾನೇ, ಬದುಕಿಕೊಳ್ಳಲಿ ಎನ್ನಿಸಿತು. “ಆತು” ಎಂದು ಹೊರಟುಬಿಟ್ಟೆ.

ಮುಂದಿನದು ಆಮೇಲೆ ಆ ಬಾಣಂತಿ ಮಗಳಿಂದ ತಿಳಿದದ್ದು. ಮೂರನೇ ದಿನ ಹೇಂಟೆ ತೂಕಡಿಸತೊಡಗಿತು. ಸತ್ತ ಕೋಳಿ ತಿನ್ನಬಾರದು, ಸಾಯುವ ಮೊದಲು ಕೊಯ್ದರೆ ಅಡ್ಡಿಯಿಲ್ಲ ಎಂಬುದು ನಮ್ಮ ಕಡೆಯ ಹಾಳು ನಂಬಿಕೆ. ನಾಗಮ್ಮ ಕೊಯ್ದರು, ಬಿಸಿನೀರಿಗೆ ಅದ್ದಿ ಬರಿಗೈಯಲ್ಲೇ ಪುಕ್ಕ ಕಿತ್ತರು, ಕರುಳು ತೆಗೆದರು. ಚೆನ್ನಾಗಿ ಬೆಂದ ಸಾರಿನಲ್ಲಿ ವೈರಸ್ ಉಳಿಯುವುದಿಲ್ಲ. ಅದಿರುವುದು ರೋಗದ ಕೋಳಿಯ ಸಿಂಬಳ, ರಕ್ತ, ಹಿಕ್ಕೆಯಲ್ಲಿ. ಅದು ಮೆತ್ತಿದ ಕೈ ಕಣ್ಣಿಗೋ ಮೂಗಿಗೋ ತಾಗಿದರೆ, ಅದರ ಧೂಳು ಉಸಿರಿಗೆ ಸೇರಿದರೆ, ಅಪರೂಪಕ್ಕೆ ಮನುಷ್ಯರಿಗೂ ಅಂಟುತ್ತದೆ.

ಸಾರು ಉಂಡ ಮಗಳಿಗೆ ಏನೂ ಆಗಲಿಲ್ಲ. ಮಾಡಿ ಬಡಿಸಿದ ನಾಗಮ್ಮನಿಗೆ ಜ್ವರ ಬಂತು, ಉಸಿರು ಕಟ್ಟಿತು. ಆಸ್ಪತ್ರೆಯ ಪರೀಕ್ಷೆಯಲ್ಲಿ ಸಿಕ್ಕಿದ್ದು ಅದೇ ವೈರಸ್. ಎರಡು ವಾರದೊಳಗೆ ತೀರಿಕೊಂಡರು.

ಸೋಂಕು ಹೇಗೆ ತಗುಲಿತೆಂದು ವಿಚಾರಿಸಲು ಹೋಗಬೇಕಾದವನು ನಾನೇ. ಮಗಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಎಲ್ಲ ಹೇಳಿದಳು. ಕೊನೆಗೆ ಕೇಳಿದಳು, “ಹೇಂಟೆ ಕೂಗಿದ್ದು ಅವತ್ತು ನಿಮ್ಗೆ ಕೇಳಿತ್ತಲ್ಲ?”

“ಇಲ್ಲ ತಂಗಿ,” ಎಂದೆ. ಥೂ, ಎಂಥಾ ಬಾಯಿ ನನ್ನದು!

“ಸುಳ್ಳು ಹೇಳ್ಬೇಡಿ. ‘ಡಾಕ್ಟ್ರಿಗೆ ಕೇಳಿತ್ತು, ಆದ್ರೂ ಬಿಟ್ರು, ದೇವ್ರಂಥವ್ರು’ ಅಂತ ಅಮ್ಮ ಸಾಯೂವರೆಗೂ ಹೇಳ್ತಿತ್ತು.”

ಆಮೇಲೆ ಕುಮಟಾಕ್ಕೆ ವರ್ಗವಾಯಿತು, ಅಲ್ಲೂ ಕಲ್ಲಿಂಗ್ ಮಾಡಿಸಿದೆ. ಈಗ ಬಾಣಂತಿ ಕೋಣೆಯ ಬಾಗಿಲನ್ನೂ ತೆಗೆಸಿ, ಹೆಂಗಸರನ್ನು ಒಳಗೆ ಕಳಿಸಿ ಹುಡುಕಿಸುತ್ತೇನೆ. ಕಟುಕ ಎನ್ನುತ್ತಾರೆ. ಅನ್ನಲಿ. ದೇವರಂಥವನು ಎಂದು ಇನ್ನೊಬ್ಬರ ಬಾಯಲ್ಲಿ ಅನ್ನಿಸಿಕೊಳ್ಳುವ ಧೈರ್ಯ ನನಗಿಲ್ಲ.