ಹನ್ನೊಂದು ವರ್ಷ ಯಾರೂ ಜಾರದ ನೆಲ

ಬೆಳಗಿನ ಐದು ಗಂಟೆ. ಹಾಲಿನ ಪ್ಯಾಕೆಟ್ ತುಂಬುವ ಕಾರ್ಖಾನೆಯಲ್ಲಿ ಯಂತ್ರಗಳಿನ್ನೂ ಶುರುವಾಗಿಲ್ಲ. ಗಿಡ್ಡ ಮೈಕಟ್ಟಿನ ಮಹಿಳೆಯೊಬ್ಬರು ರಬ್ಬರ್ ಬೂಟಿನ ತುದಿಯನ್ನು ನೆಲಕ್ಕೆ ಒತ್ತಿ ಎಳೆಯುತ್ತ, ಕಿವಿಗೊಟ್ಟು ಒಂದೊಂದೇ ಹೆಜ್ಜೆ ಇಡುತ್ತಿದ್ದಾರೆ. ಕಿರ್, ಕಿರ್. ಶೀತಲ ಕೋಣೆಯ ಬಾಗಿಲ ಬಳಿ ಸದ್ದು ನಿಲ್ಲುತ್ತದೆ. ನೋಡುವವರ ಕಣ್ಣಿಗೆ ಅಲ್ಲಿ ಏನೂ ಇಲ್ಲ. ಅವರು ಮಾತ್ರ ಬಿಸಿನೀರು ಸುರಿದು, ಉಜ್ಜಿ, ಒರೆಸಿ, ಮತ್ತೆ ಬೂಟು ಎಳೆಯುತ್ತಾರೆ. ಕಿರ್.

"ಒಣ ನೆಲ ಮಾತಾಡುತ್ತೆ. ಹಾಲಿನ ಜಿಡ್ಡು ಕೂತಿದ್ರೆ ಬಾಯೇ ಬಿಡಲ್ಲ. ಅಲ್ಲೇ ಕಾಲು ಜಾರೋದು" ಎನ್ನುತ್ತಾರೆ ಅವರು. ಕಾರ್ಖಾನೆಗೆಲ್ಲ ಅವರು 'ನೆಲದಕ್ಕ'.

ಹದಿಮೂರು ವರ್ಷದ ಹಿಂದೆ ಇದೇ ಬಾಗಿಲಲ್ಲಿ ಹಾಲಿನ ಕ್ರೇಟು ಹೊತ್ತು ಬರುವಾಗ ಜಾರಿ ಬಿದ್ದವರು ಅವರು. ಸೊಂಟದ ಮೂಳೆ ಮುರಿಯಿತು. ಐದು ತಿಂಗಳು ಹಾಸಿಗೆ. ಒಡಹುಟ್ಟಿದ ಅಕ್ಕನೇ ಎಳೆಮಗುವಿನಂತೆ ಮೈ ತೊಳೆಸಿದಳು. ಎಡಗಾಲು ಗಿಡ್ಡವಾಗಿ ಮರಳಿದವರಿಗೆ ಹಗುರ ಕೆಲಸವೆಂದು ನೆಲ ಒರೆಸಲು ಹಚ್ಚಿದರು. ಜೊತೆಯವರು ಅಯ್ಯೋ ಪಾಪ ಎಂದರು. ಆ ವರ್ಷವೊಂದರಲ್ಲೇ ಇನ್ನೂ ಎಂಟು ಮಂದಿ ಬಿದ್ದಿದ್ದರು.

ಎರಡು ವರ್ಷ ಕಳೆದ ಮೇಲೆ, ಎಲ್ಲರೂ ಕೆಲಸಕ್ಕೆ ಹತ್ತಿಹೋಗುವ ಮೆಟ್ಟಿಲ ಮೇಲಿನ ಪೈಪು ತೊಟ್ಟಿಕ್ಕತೊಡಗಿತು. ನೆಲದಕ್ಕ ಮೂರು ಸಲ ಹೇಳಿದರು, ಮೂರು ಸಲವೂ ನಾಳೆ ಎಂಬ ಉತ್ತರ. ನಾಲ್ಕನೆಯ ದಿನ ಆ ಮೆಟ್ಟಿಲಿಗೇ ಅಡ್ಡ ಕೂತುಬಿಟ್ಟರು. ಅರವತ್ತು ಜನರ ಕೆಲಸ ನಿಂತಿತು. ಮ್ಯಾನೇಜರು ಕೆಂಡವಾಗಿ ಬಂದು ಏಳಲು ಹೇಳಿದರು. ನೆಲದಕ್ಕ ಪಕ್ಕಕ್ಕೆ ಸರಿದು, "ಹೋಗಿ ಸರ್. ಆದ್ರೆ ಕಂಬಿ ಹಿಡ್ಕೊಂಡೇ ಹೋಗಿ, ಮೊದಲು ನೀವೇ ಹೋಗಿ" ಎಂದರು. ಮ್ಯಾನೇಜರು ಕಾಲಿಟ್ಟರು. ಕಾಲು ಸರ್ರನೆ ಹೋಯಿತು. ಕಂಬಿಗೆ ಜೋತುಬಿದ್ದಲ್ಲಿಂದಲೇ ರಿಪೇರಿಯವರನ್ನು ಕೂಗಿ ಕರೆದರು. ಹತ್ತು ನಿಮಿಷದಲ್ಲಿ ಪೈಪು ರಿಪೇರಿಯಾಯಿತು.

ಅಂದಿನಿಂದ ನೆಲದಕ್ಕ ಸರಿಯಿದೆ ಎಂದು ಕೈ ಎತ್ತುವವರೆಗೆ ಇಲ್ಲಿ ಪ್ಯಾಕೆಟ್ ಸಾಗಿಸುವ ಬೆಲ್ಟು ತಿರುಗುವುದಿಲ್ಲ. ದಿನಕ್ಕೆ ಮೂರು ಸುತ್ತು, ಮೂರು ಹಜಾರ, ನಲವತ್ನಾಲ್ಕು ಮೆಟ್ಟಿಲು. ಹನ್ನೊಂದು ವರ್ಷದಲ್ಲಿ ಒಬ್ಬರೂ ಬಿದ್ದಿಲ್ಲ. ಹಾಗೆಂದು ನೆನಪಿಸಿದರೆ ಅವರಿಗೆ ಮುಜುಗರ. ಇವತ್ತಿನ ದಿನ ಇನ್ನೂ ಮುಗಿದಿಲ್ಲ ಎನ್ನುತ್ತಾರೆ.

ವರ್ಷಕ್ಕೊಮ್ಮೆ ಹೆಚ್ಚು ಪ್ಯಾಕೆಟ್ ತುಂಬಿದವರಿಗೆ ಬಹುಮಾನವಿದೆ, ನೆಲಕ್ಕಿಲ್ಲ. ಬೇಸರವಿಲ್ಲವೇ ಎಂದರೆ ಮಾಪು ಹಿಂಡುತ್ತಲೇ ಉತ್ತರಿಸುತ್ತಾರೆ:

"ಬಿದ್ದೋರ ಹೆಸರು ಎಲ್ಲರಿಗೂ ಗೊತ್ತಾಗುತ್ತೆ. ಬೀಳದೇ ಉಳಿದೋರಿಗೆ, ತಾವು ಉಳಿದ್ವಿ ಅಂತಾನೇ ಗೊತ್ತಾಗಲ್ಲ. ಗೊತ್ತಾಗೋದೂ ಬೇಡ ಬಿಡಿ. ಬಂದ ಕಾಲಲ್ಲೇ ನಡ್ಕೊಂಡು ಮನೆಗೆ ಹೋಗ್ಲಿ."