ಬ್ಯಾಗ್‌ಪೈಪ್ ಊದಿದವರ ಕಿವಿ

ಏಪ್ರಿಲ್ ಇಪ್ಪತ್ತಾರು. ಇಲ್ಲಿ ಚಳಿಗಾಲ ಶುರುವಾಗುವ ಹೊತ್ತು, ಬೆಳಗಿನಿಂದ ಜಿನುಗು ಮಳೆ.

ಬಾಕ್ಸ್ ಹಿಲ್‌ನಲ್ಲಿ ಕಿವಿಗೆ ಶ್ರವಣಯಂತ್ರ ಹೊಂದಿಸಿಕೊಡುವುದು ನನ್ನ ಕೆಲಸ. ಅಂದು ಬಂದವರು ಸ್ಕಾಟ್ಲೆಂಡ್ ಮೂಲದ ಮುದುಕರು, ಸೈನ್ಯದಲ್ಲಿ ಬ್ಯಾಗ್‌ಪೈಪ್ ಊದಿದವರು. ಹಿಂದಿನ ದಿನ ಸೈನಿಕರ ಮೆರವಣಿಗೆಯಲ್ಲಿ ಅವರಿಗೆ ಡ್ರಮ್ ಮಾತ್ರ ಕೇಳಿಸಿತ್ತಂತೆ.

“ನಿಮ್ಮ ಯಂತ್ರ ಬ್ಯಾಗ್‌ಪೈಪಿನ ಸದ್ದನ್ನು ನುಂಗುತ್ತದೆ, ಮೇಟ್.”

“ಒಂದೇ ಸಮನೆ ಬರುವ ಸದ್ದನ್ನು ಅದು ಗದ್ದಲ ಅಂದುಕೊಳ್ಳುತ್ತದೆ.”

“ನನ್ನ ಹೆಂಡತಿಯೂ ಹಾಗೇ ಅಂದುಕೊಂಡಿದ್ದಳು.”

ಸಂಗೀತಕ್ಕೆಂದೇ ಇರುವ ಸೆಟ್ಟಿಂಗ್ ಹಾಕಿ, ಯಾವ ಹಾಡು ಬೇಕೆಂದು ಕೇಳಿದೆ. ಅವರ ತಾಯಿ ಹಾಲು ಕರೆಯುವಾಗ ಹಸುವಿಗೆ ಹಾಡುತ್ತಿದ್ದ ಹಾಡಂತೆ. ಅದೇ ಧಾಟಿಯನ್ನು ಪಲ್ಟನ್ನಿನವರು ಕವಾಯತಿನ ನಡಿಗೆಗೆ ಬಳಸಿಕೊಂಡರು. ವರ್ಷಗಟ್ಟಲೆ ಊದಿದವರು ಇವರೇ. ಈಗ ಅದನ್ನು ತಾಯಿ ಹಾಡಿದಂತೆ ನಿಧಾನವಾಗಿ ಒಮ್ಮೆ ಕೇಳಬೇಕಿತ್ತು.

ಫೋನಿನಲ್ಲಿ ಹುಡುಕಿದೆ. ಯಾರೋ ಹೆಂಗಸು ವಾದ್ಯವಿಲ್ಲದೆ ಹಾಡಿದ್ದು ಸಿಕ್ಕಿತು. ಮುದುಕರು ಕಣ್ಣು ಮುಚ್ಚಿ, ಚೆನ್ನಾಗಿ ಕೇಳಿಸುತ್ತಿದೆ ಎಂದು ತಲೆಯಾಡಿಸಿದರು. ಅಷ್ಟರಲ್ಲಿ ಅವರ ಬೂಟುಗಳು ನೆಲ ಬಡಿಯತೊಡಗಿದವು, ಎಡ, ಬಲ, ಹಾಡಿಗಿಂತ ಎಷ್ಟೋ ಬೇಗ. ಎರಡೂ ಕೈಯಿಂದ ಮಂಡಿಗಳನ್ನು ಒತ್ತಿ ಹಿಡಿದರು. ನಿಲ್ಲಲಿಲ್ಲ.

“ನಿಲ್ಲಿಸಿ,” ಎಂದರು. “ಅಮ್ಮ ಬರುತ್ತಿಲ್ಲ. ಪಲ್ಟನ್ನೇ ಬರುತ್ತಿದೆ.”

ಆ ಕಾಲುಗಳಿಗೆ ನನ್ನ ಬಳಿ ಯಾವ ಸೆಟ್ಟಿಂಗೂ ಇರಲಿಲ್ಲ.

ಕೋಟು ಹಾಕಿಕೊಳ್ಳುತ್ತಾ, ಎಷ್ಟು ಕೊಡಬೇಕು ಎಂದು ಕೇಳಿದರು.

“ಮಾಜಿ ಸೈನಿಕರ ಖರ್ಚು ಸರ್ಕಾರದ್ದು. ನೀವು ಏನೂ ಕೊಡಬೇಕಿಲ್ಲ.”

“ಅಮ್ಮನ ಹಾಡನ್ನು ಅವರ ಪಲ್ಟನ್ನಿಗೆ ಆಗಲೇ ಕೊಟ್ಟಿದ್ದೇನಲ್ಲ, ಮೇಟ್. ಚಿಲ್ಲರೆ ಏನಾದರೂ ವಾಪಸ್ ಬರುತ್ತದೆಯೇ?”