ಫುಟ್‌ಪಾತಿನಲ್ಲಿ ಮಲಗಿದ್ದ ತಾತ

ಸ್ನೇಹಿತರೇ, ಹೋದ ವಾರ ನಗರದಂಚಿನ ಶೆಟ್ಟಿಹಳ್ಳಿಯ ಫುಟ್‌ಪಾತಿನಲ್ಲಿ ಮಲಗಿದ್ದ ತಾತನೊಬ್ಬರ ಫೋಟೊ ಹಾಕಿ, 'ಇಷ್ಟು ದೊಡ್ಡ ಊರಲ್ಲಿ ಇವರಿಗೊಂದು ಸೂರಿಲ್ಲ' ಎಂದು ಬರೆದಿದ್ದೆನಲ್ಲ, ನೀವೆಲ್ಲ ಶೇರ್ ಮಾಡಿದ್ದಿರಲ್ಲ? ಇಂದು ಬೆಳಿಗ್ಗೆ ಅದೇ ಬೀದಿಯಲ್ಲಿ ಕ್ಯಾಮೆರಾ ಹಿಡಿದು ಹೋಗುತ್ತಿದ್ದಾಗ ಒಬ್ಬರು ಓಡಿ ಬಂದು ನನ್ನ ಕಾಲರ್ ಹಿಡಿದರು.

"ಆ ಫೋಟೊ ಹಾಕಿದ್ದು ನೀನೇ ತಾನೆ? ಅವ್ರು ನಮ್ಮಪ್ಪ ಕಣಯ್ಯಾ! ಹಿಂದೆ ಕಾಣೋ ಬಿಲ್ಡಿಂಗ್ ನಮ್ದೇ. ಅಪ್ಪನ್ನ ಬೀದಿಗೆ ಹಾಕಿದೀರಾ ಅಂತ ನೆಂಟರೆಲ್ಲ ಉಗೀತಿದಾರೆ. ಮಗಳ ಮದ್ವೆ ಮಾತುಕತೆ ನಿಂತೋಯ್ತು!"

ಅಷ್ಟರಲ್ಲಿ ಗೇಟಿನೊಳಗಿಂದ ಆ ತಾತನೇ ಬಂದು ಮಗನ ಕೈ ಬಿಡಿಸಿದರು.

"ಬಿಡೋ ಅವ್ನ. ನಾನು ಮಲಗಿದ್ದು ನಿಜ ತಾನೆ?" ಎಂದವರು ನನ್ನತ್ತ ತಿರುಗಿದರು. "ಈ ಜಾಗ ನಮ್ ರಾಗಿ ಕಣ ಆಗಿತ್ತು ಕಣಪ್ಪ. ಮಂಚದ್ ಮೇಲೆ ಇಂಗೆ ನಿದ್ದೆ ಬರಲ್ಲ. ನೀನು ಬಂದಾಗ ಎಚ್ಚರಾನೇ ಇತ್ತು. ಎದ್ರೆ ನಿನ್ ಫೋಟೊ ಕೆಡ್ತದೆ ಅಂತ ಅಂಗೇ ಕಣ್ಮುಚ್ಕೊಂಡಿದ್ದೆ."

ಕೈ ಮುಗಿದು ಬಂದೆ.

ಆ ಪೋಸ್ಟ್ ತೆಗೆದಿದ್ದೇನೆ. ಅದನ್ನು ಶೇರ್ ಮಾಡಿದವರು ದಯವಿಟ್ಟು ಇದನ್ನೂ ಮಾಡಿ. ಅದನ್ನು ನೋಡಿದ ಗಂಡಿನ ಕಡೆಯವರೂ ನಿಮ್ಮ ನಡುವೆಯೇ ಎಲ್ಲೋ ಇದ್ದಾರೆ.